ಗಾಣದ ಬಾಯಿ, ಕೈಯ ಲೆಕ್ಕ

ನಮ್ಮ ಹಳೆಯ ಶಾಸನಗಳಲ್ಲಿ 'ಗಾಣದೆರೆ'ಯ ಮಾತು ಬರುತ್ತದೆ. ಗಾಣದಿಂದ ಅರಸನಿಗೆ ಸಲ್ಲತಕ್ಕದ್ದೆಷ್ಟು, ದೇವರ ನಂದಾದೀಪಕ್ಕೆ ಬಿಟ್ಟ ಎಣ್ಣೆ ಎಷ್ಟು ಎಂಬುದನ್ನು ಕಲ್ಲಿನಲ್ಲಿ ಕೊರೆದಿಟ್ಟಿದ್ದಾರೆ. ಗಾಣಕ್ಕೆ ಸಿಕ್ಕಿದ ಕೈಗಳ ಲೆಕ್ಕವನ್ನು ಮಾತ್ರ ನಾನು ಯಾವ ಶಾಸನದಲ್ಲಿಯೂ ಓದಿಲ್ಲ. ಆ ಲೆಕ್ಕವನ್ನು ಬರೆಯತೊಡಗಿದ್ದು ತೀರ ಈಚೆಗೆ.

ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆ ಓಡಾಡುವವರಿಗೆ ಆಲೆಮನೆ ಹೊಸದಲ್ಲ. ಸುವರ್ಣಾವತಿಯ ನೀರೋ ಕೊಳವೆಬಾವಿಯ ನೀರೋ ಹರಿದಲ್ಲಿ ಕಬ್ಬು; ಕಬ್ಬಿದ್ದಲ್ಲಿ ಆಲೆಮನೆ. ಪೇಟೆಯವರಾದ ನಮ್ಮನ್ನು ಸೆಳೆಯುವುದು ಕೊಪ್ಪರಿಗೆಯಿಂದೇಳುವ ಬಿಸಿ ಬೆಲ್ಲದ ಪರಿಮಳ. ಆದರೆ ನೋಡಬೇಕಾದುದು ಗಾಣದ ಬಾಯಿಯನ್ನು. ಅಲ್ಲಿ ಕಬ್ಬಿಣದ ಉರುಳೆಗಳು ಎದುರುಬದುರಾಗಿ ತಿರುಗುತ್ತ ಕೊಟ್ಟದ್ದನ್ನೆಲ್ಲ ಒಳಕ್ಕೆಳೆದುಕೊಳ್ಳುತ್ತವೆ. ಕಬ್ಬು ಯಾವುದು, ಬೆರಳು ಯಾವುದು ಎಂಬ ಭೇದ ಅವಕ್ಕಿಲ್ಲ.

ಬಿಹಾರದ ಬಿಹಿಯಾ ಎಂಬಲ್ಲಿ ಥಾಮ್ಸನ್ ಮತ್ತು ಮೈಲ್ನ್ ಎಂಬಿಬ್ಬರು 1870ರ ದಶಕದಲ್ಲಿ ಕಬ್ಬಿಣದ ಗಾಣವನ್ನು ಬಳಕೆಗೆ ತಂದರು. ಕ್ರಮೇಣ ಅಂಥ ಗಾಣಗಳು ದೇಶದಲ್ಲೆಲ್ಲ ಹಬ್ಬಿ, ಮರದ ಮತ್ತು ಕಲ್ಲಿನ ಗಾಣಗಳು ಮೂಲೆ ಸೇರಿದವು. ಆದರೂ ಎಳೆಯುತ್ತಿದ್ದುದು ಎತ್ತು. 'ಹೋ' ಎಂದು ಕೂಗಿದರೆ ಅದು ನಿಲ್ಲುತ್ತಿತ್ತು. ಆ ನಿಧಾನವೇ ಎಷ್ಟೋ ಕೈಗಳನ್ನು ಉಳಿಸಿರಬೇಕು. ಎತ್ತಿನ ಜಾಗಕ್ಕೆ ಎಂಜಿನ್ನೂ ಮೋಟಾರೂ ಬಂದವು. ಅವಕ್ಕೆ ಕೂಗು ಕೇಳಿಸದು. ವೇಗ ಬಂತು, ಆದರೆ ಎತ್ತಿಗಿದ್ದ ಕಿವಿಯ ಬದಲಿಗೆ ಏನನ್ನಿಡಬೇಕೆಂದು ಬಹಳ ಮಂದಿ ಯೋಚಿಸಲಿಲ್ಲ.

ಬೇರೆ ಕಡೆ ಇದಕ್ಕಿಂತ ಕ್ರೂರವಾದ ಉತ್ತರವಿತ್ತು. ವೆಸ್ಟ್ ಇಂಡೀಸ್‌ನ ಸಕ್ಕರೆಯ ಗಾಣಗಳ ಪಕ್ಕದಲ್ಲಿ ಕೊಡಲಿಯೊಂದನ್ನು ಇಡುತ್ತಿದ್ದರು. ಗುಲಾಮನ ಕೈ ಸಿಕ್ಕಿಕೊಂಡರೆ ತೋಳನ್ನೇ ಕಡಿದು ಪ್ರಾಣ ಉಳಿಸುವುದಕ್ಕೆ! ವೋಲ್ತೇರನ 'ಕಾಂಡೀಡ್' (1759) ಕೃತಿಯಲ್ಲಿ ಹಾಗೆ ಕೈ ಕಳೆದುಕೊಂಡ ಗುಲಾಮನೊಬ್ಬ ಬರುತ್ತಾನೆ.

ನಮ್ಮಲ್ಲಿ 1881ರ ಕಾರ್ಖಾನೆ ಕಾಯಿದೆ ಯಂತ್ರಕ್ಕೆ ಬೇಲಿ ಹಾಕಬೇಕೆಂದು ಹೇಳಿತು. ಆದರೆ ಅದು ನೂರು ಜನರಿಗಿಂತ ಕಡಮೆ ಇದ್ದ ಕಡೆಗೆ ತಲೆ ಹಾಕಲಿಲ್ಲ. 1923ರ ಪರಿಹಾರ ಕಾಯಿದೆ ಅಂಗಗಳಿಗೆ ಲೆಕ್ಕ ಹಾಕಿತು: ತೋರುಬೆರಳು ಪೂರ್ತಿ ಹೋದರೆ ದುಡಿಮೆಯ ಶಕ್ತಿಯಲ್ಲಿ ನೂರಕ್ಕೆ 14 ಪಾಲು ನಷ್ಟ, ಹೆಬ್ಬೆರಳಿಗೆ 30, ಇಡೀ ಕೈಗೆ 60. 1948ರ ಕಾಯಿದೆ, ಯಂತ್ರಶಕ್ತಿಯಿಂದ ನಡೆಯುವ ಕಾರ್ಖಾನೆಯಲ್ಲಿ ಹತ್ತು ಜನರಿದ್ದರೂ ಸಾಕೆಂದು ಮಿತಿಯನ್ನು ಇಳಿಸಿತು. 2020ರ ಹೊಸ ಸಂಹಿತೆ ಅದನ್ನು ಇಪ್ಪತ್ತಕ್ಕೇರಿಸಿತು. ಅದು 2025ರ ನವೆಂಬರಿನಲ್ಲಿ ಜಾರಿಗೂ ಬಂತು. ಏಳೆಂಟು ಜನ ದುಡಿಯುವ ಆಲೆಮನೆ ಅಂದೂ ಹೊರಗೆ, ಇಂದು ಇನ್ನೂ ದೂರ.

ಈ ನಡುವೆ ಒಂದು ಒಳ್ಳೆಯ ವಿಚಾರ ಹುಟ್ಟಿತ್ತು. ಒಕ್ಕಣೆಯ ಯಂತ್ರಗಳಿಗೆ ರೈತರ ಕೈಗಳು ಬಲಿಯಾಗುತ್ತಿದ್ದುದನ್ನು ಕಂಡು, ಪಾರ್ಲಿಮೆಂಟು 1983ರಲ್ಲಿ ಅಪಾಯಕರ ಯಂತ್ರಗಳ ಕಾಯಿದೆಯನ್ನು ಮಾಡಿ ಯಂತ್ರ ತಯಾರಿಸುವವನನ್ನೂ ಹೊಣೆಗಾರನನ್ನಾಗಿಸಿತು. ಗಾಣಕ್ಕೂ ಬೇಕಾದುದು ಇದೇ ನ್ಯಾಯ.

ಕೈ ಹೋದಾಗ ನಾವು ಆಡುವ ಮಾತು ಎರಡೇ: ಒಂದು 'ಅಜಾಗರೂಕತೆ', ಇನ್ನೊಂದು 'ಹಣೆಬರಹ'. ನಡುರಾತ್ರಿಯವರೆಗೆ ಕಬ್ಬು ಕೊಡುವವನು ಪ್ರತಿ ಕ್ಷಣವೂ ಜಾಗರೂಕನಾಗಿರಲಾರ. ಆದ್ದರಿಂದ ಮೊದಲು ಯಂತ್ರವನ್ನು ಪರೀಕ್ಷಿಸಬೇಕು. ಕೈ ಎಲ್ಲಿಯವರೆಗೆ ಹೋಗುತ್ತದೆ? ದಿನಕ್ಕೆ ಎಷ್ಟು ಸಲ? ಸಿಕ್ಕಿದರೆ ಹೋಗುವುದು ಉಗುರೋ ತೋಳೋ? ಉತ್ತರ ಸಿಕ್ಕಮೇಲೆ ಮಾಡುವ ಕೆಲಸ ದೊಡ್ಡದಲ್ಲ. ಉರುಳೆಗೆ ಕೈ ಎಟುಕದಷ್ಟು ಉದ್ದನೆಯ, ಮೇಲೆ ಮುಚ್ಚಿದ ತೊಟ್ಟಿ. ಹಲ್ಲುಚಕ್ರಕ್ಕೂ ಬೆಲ್ಟಿಗೂ ಮರೆ. ಕಬ್ಬು ಕೊಡುವವನ ಪಕ್ಕದಲ್ಲೇ ಮೋಟಾರು ನಿಲ್ಲಿಸುವ ಗುಂಡಿ. ಸಿಪ್ಪೆ ಬಿಡಿಸುವಾಗ ಯಂತ್ರ ನಿಂತಿರಬೇಕೆಂಬ ಕಟ್ಟುಪಾಡು. ಪಂಚೆಯ ತುದಿ, ಸೀರೆಯ ಸೆರಗು ಬಿಗಿಯಾಗಿರಲಿ ಎಂಬ ಬುದ್ಧಿಮಾತು ಇವೆಲ್ಲ ಆದಮೇಲೆ.

ಶಾಸನದ ಕಾಲದವರು ಎಣ್ಣೆಯ ಲೆಕ್ಕ ಇಟ್ಟರು, ನಾವು ಬೆರಳಿನ ಲೆಕ್ಕ ಇಟ್ಟೆವು. ಬೆರಳು ಹೋದಮೇಲೆ ಕೊಡುವ ನೂರಕ್ಕೆ ಹದಿನಾಲ್ಕಕ್ಕಿಂತ, ಹೋಗುವ ಮೊದಲೇ ಗಾಣದ ಬಾಯಿಗೆ ಹಾಕುವ ಒಂದು ತಗಡಿನ ಮರೆ ಹೆಚ್ಚು ಬೆಲೆಯುಳ್ಳದ್ದು.