ದಂಡಿನ ಕ್ರಿಸ್‌ಮಸ್ ಮರ

ಮೊನ್ನೆ ಶನಿವಾರ ಇಂದಿರಾನಗರದಲ್ಲಿ ನಮ್ಮ ಹಿಂದಿನ ಬೀದಿಯ ಹಳೇ ಮನೆಯೊಂದನ್ನು ಕೆಡವೋ ಮುಂಚೆ ಅದರ ಕಾಂಪೌಂಡಿನ ಮರ ಕಡಿದರು. ಸಪೂರ ಕಾಂಡ, ಮನೆಯ ಎರಡರಷ್ಟು ಎತ್ತರ. ಯಾವ ಮರ ಅಂತ ಕೇಳಿದ್ರೆ ಕಡಿಯುವವನು "ಕ್ರಿಸ್‌ಮಸ್ ಮರ ಸಾರ್" ಅಂದ. ನಾನೂ ಚಿಕ್ಕಂದಿನಿಂದ ಹಾಗೇ ಅಂದ್ಕೊಂಡಿದ್ದೆ. ರಾತ್ರಿ ಕೂತು ಹುಡುಕಿದೆ. ಇದರ ತವರು ಯುರೋಪ್ ಅಲ್ಲವೇ ಅಲ್ಲ, ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ! ಹೆಸರು ಅರೌಕೇರಿಯಾ ಕಾಲಮ್ನಾರಿಸ್, ರೂಢಿಯಲ್ಲಿ ಕುಕ್ ಪೈನ್.

1774ರ ಸೆಪ್ಟೆಂಬರಿನಲ್ಲಿ ಕ್ಯಾಪ್ಟನ್ ಕುಕ್‌ನ ಹಡಗು ಆ ಕಡೆ ಹೋಗ್ತಿದ್ದಾಗ ದೂರದ ದ್ವೀಪದಲ್ಲಿ ಕಂಬಗಳ ಸಾಲು ಕಾಣಿಸಿತಂತೆ. ಜೊತೆಗಿದ್ದ ವಿಜ್ಞಾನಿಗಳು ಅವು ಕಪ್ಪುಶಿಲೆಯ ಕಂಬಗಳು ಎಂದು ವಾದಿಸಿದರು. ಕುಕ್ ಮಾತ್ರ ಮರಗಳೇ ಅಂದ. ಇಳಿದು ನೋಡಿದರೆ ಗೆದ್ದಿದ್ದು ಕುಕ್. (ಆದರೂ ಲ್ಯಾಟಿನ್ ಹೆಸರಿನಲ್ಲಿ 'ಕಂಬ' ಉಳಿದೇಬಿಟ್ಟಿದೆ!)

ಬೆಂಗಳೂರಿನಲ್ಲಿ ದಂಡು ನೆಲೆಯೂರಿದ್ದು 1809ರಲ್ಲಿ. ಲಾಲ್‌ಬಾಗ್ ಸರ್ಕಾರಿ ಸಸ್ಯತೋಟವಾಗಿದ್ದು 1856ರಲ್ಲಿ. ಮುಂದೆ ಲಂಡನ್ನಿನ ಕ್ಯೂ ತೋಟದಿಂದ ಬಂದ ವಿಲಿಯಂ ನ್ಯೂ, 1874ರಿಂದ ಜಾನ್ ಕ್ಯಾಮರೂನ್, ವಿದೇಶಿ ಗಿಡಗಳನ್ನು ತರಿಸಿ ಬೆಳೆಸಿದರು. ದಂಡಿನ ಬಂಗಲೆ, ಚರ್ಚುಗಳ ಅಂಗಳದಲ್ಲಿ ಅರೌಕೇರಿಯಾ ಬೇರೂರಿದ್ದು ಈ ಗಿಡಗಳ ಹುಚ್ಚಿನ ಕಾಲದಲ್ಲೇ. ಇಂದಿರಾನಗರ ತೀರಾ ಈಚಿನದು. ಹಲಸೂರಿನ ಕಡೆ ನೋಡಿ ನಾವೂ ನೆಟ್ಟಿರಬೇಕು.

ಇನ್ನೊಂದು ಮಜಾ ಇದೆ. ಈ ಮರ ಭೂಮಧ್ಯರೇಖೆಯ ಕಡೆಗೆ ವಾಲುತ್ತದೆ! 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಐದು ಖಂಡಗಳ 256 ಮರಗಳನ್ನು ಅಳೆದರು. ಸರಾಸರಿ ಓರೆ 8.55 ಡಿಗ್ರಿ. ನಮ್ಮಲ್ಲಾದರೆ ದಕ್ಷಿಣಕ್ಕೆ ವಾಲಬೇಕು. ಕಡಿದ ಮರದ ಹಳೇ ಫೋಟೋ ತೆಗೆದು ನೋಡಿದೆ, ಹೌದು.

ಕುಕ್ ಪೈನ್‌ಗೇನೂ ಅಪಾಯವಿಲ್ಲ, ಜಗತ್ತಿನ ತೋಟಗಳಲ್ಲೆಲ್ಲ ಇದೆ. ಹೊಟ್ಟೆ ಉರಿಸಿದ್ದು ಅದರ ಒಡಹುಟ್ಟಿದವರ ಕಥೆ. ಅರೌಕೇರಿಯಾದ ಸುಮಾರು 20 ಪ್ರಭೇದಗಳಲ್ಲಿ 14 ಆ ಪುಟ್ಟ ದ್ವೀಪದಲ್ಲಿ ಮಾತ್ರ ಇವೆ. ಬಹಳಷ್ಟು ಅಪಾಯದಲ್ಲಿವೆ. ಬೆಟ್ಟದ ಇಳಿಜಾರಿನಲ್ಲಿ ಬೆಳೆಯುವ ಅರೌಕೇರಿಯಾ ರೂಲೈ ಬೇರೂರಿರೋದು ನಿಕಲ್ ತುಂಬಿದ ಕೆಂಪು ಮಣ್ಣಿನಲ್ಲಿ. 1864ರಲ್ಲಿ ಜೂಲ್ ಗಾರ್ನಿಯೇ ಎಂಬ ಫ್ರೆಂಚ್ ಎಂಜಿನಿಯರ್ ಅಲ್ಲಿ ನಿಕಲ್ ಅದಿರು ಪತ್ತೆಮಾಡಿದ. ಬೆಟ್ಟಗಳ ನೆತ್ತಿ ಕೆರೆಯೋದು ಶುರುವಾಯ್ತು. ಜೊತೆಗೆ ಕಾಡ್ಗಿಚ್ಚು. ನಿಕಲ್ ಹೋಗೋದು ಸ್ಟೇನ್‌ಲೆಸ್ ಸ್ಟೀಲಿಗೆ, ಈಗ ಬ್ಯಾಟರಿಗಳಿಗೂ. ನಾನೂ ಹೋದ ವರ್ಷ ಎಲೆಕ್ಟ್ರಿಕ್ ಸ್ಕೂಟರ್ ತಗೊಂಡೆ, ಪರಿಸರಕ್ಕೆ ಒಳ್ಳೇದು ಅಂತ...

ಭಾನುವಾರ ಅದೇ ಸ್ಕೂಟರಿನಲ್ಲಿ ಹಲಸೂರಿನ ಕಡೆ ಸುತ್ತಿದೆ. ಒಂದು ಚರ್ಚಿನ ಅಂಗಳದಲ್ಲಿ ದಕ್ಷಿಣಕ್ಕೆ ವಾಲಿದ್ದು ಒಂದು ಸಿಕ್ಕಿತು. ಫೋನಿನಲ್ಲಿ ಅಳೆದೆ, 6 ಡಿಗ್ರಿ. ಕಾವಲುಗಾರ ಏನು ಮಾಡ್ತಿದ್ದೀರಿ ಅಂದ. ಮರದ ಹೆಸರು ಹೇಳಿದೆ. "ಕ್ರಿಸ್‌ಮಸ್ ಮರ ಅಲ್ವಾ?" ಅಂದ.