ನೆಲವನ್ನು ಎತ್ತುವ ನೀರು

ಫ್ರೀಜರಿನಲ್ಲಿ ಮರೆತ ನೀರಿನ ಬಾಟಲಿ ಒಡೆದದ್ದನ್ನು ಕಂಡವರಿಗೆ, ಚಳಿನಾಡುಗಳಲ್ಲಿ ರಸ್ತೆಗಳು ಉಬ್ಬಿ ಬಿರಿಯುವುದೇಕೆಂದು ಊಹಿಸುವುದು ಕಷ್ಟವಲ್ಲ. ನೀರು ಹೆಪ್ಪುಗಟ್ಟಿದಾಗ ಸುಮಾರು 9% ಹಿಗ್ಗುತ್ತದೆ, ಮಣ್ಣನ್ನು ಮೇಲಕ್ಕೆ ತಳ್ಳುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೂ ಅನೇಕ ತಜ್ಞರು ಹೀಗೆಯೇ ನಂಬಿದ್ದರು. ಆದರೆ ಲೆಕ್ಕ ಕೂಡುತ್ತಿರಲಿಲ್ಲ. ನೀರು ತುಂಬಿದ ಮಣ್ಣು ಒಂದು ಮೀಟರ್ ಆಳದವರೆಗೆ ಹೆಪ್ಪುಗಟ್ಟಿದರೂ, ಈ ಲೆಕ್ಕದಲ್ಲಿ ನೆಲ ಏಳಬೇಕಾದದ್ದು ಮೂರು-ನಾಲ್ಕು ಸೆಂಟಿಮೀಟರ್ ಮಾತ್ರ. ಕೆಲವೆಡೆ ಅದು ಇದರ ಹಲವು ಪಟ್ಟು ಏಳುತ್ತಿತ್ತು.

ಲೆಕ್ಕ ತಪ್ಪಿದ್ದೆಲ್ಲಿ ಎಂದು ತೋರಿಸಿದವರು ಅಮೆರಿಕದ ದಕ್ಷಿಣ ಕೆರೊಲಿನಾ ವಿಶ್ವವಿದ್ಯಾಲಯದ ಭೂವಿಜ್ಞಾನಿ ಸ್ಟೀಫನ್ ಟೇಬರ್. ಹಿಂದಿನ ಪ್ರಯೋಗಗಳಲ್ಲಿ ಮಣ್ಣನ್ನು ಹೆಚ್ಚಾಗಿ ಮುಚ್ಚಿದ ಪಾತ್ರೆಯಲ್ಲಿ ತಣಿಸುತ್ತಿದ್ದರು. ಇದ್ದ ನೀರಷ್ಟೇ ಹೆಪ್ಪುಗಟ್ಟುತ್ತಿತ್ತು. ನಿಜವಾದ ನೆಲಕ್ಕೆ ತಳವಿಲ್ಲ. ಟೇಬರ್ ಮಣ್ಣಿನ ಕಂಬಕ್ಕೆ ಕೆಳಗಿನಿಂದ ನೀರು ಸಿಗುವಂತೆ ಮಾಡಿ, ಮೇಲಿನಿಂದ ತಣಿಸಿದರು. ಮಣ್ಣಿನೊಳಗೆ ಶುದ್ಧ ಮಂಜುಗಡ್ಡೆಯ ಪದರಗಳು ಬೆಳೆದು, ಮೇಲಿಟ್ಟ ಭಾರವನ್ನೂ ಎತ್ತಿದವು. ನೀರಿನ ಬದಲು ಬೆಂಜೀನ್ ಬಳಸಿದರು. ಅದು ಹೆಪ್ಪುಗಟ್ಟಿದಾಗ ಹಿಗ್ಗುವುದಿಲ್ಲ, ಕುಗ್ಗುತ್ತದೆ. ಆದರೂ ಮಣ್ಣು ಮೇಲೆದ್ದಿತು! 1929 ಮತ್ತು 1930ರಲ್ಲಿ ಈ ಫಲಿತಾಂಶಗಳು ಪ್ರಕಟವಾದವು.

ಅಂದರೆ ಮಣ್ಣನ್ನು ಎತ್ತುವುದು ಹಿಗ್ಗುವಿಕೆಯಲ್ಲ, ಕೆಳಗಿನಿಂದ ಬಂದು ಸೇರುವ ನೀರು. ಕಣಗಳಿಗೆ ಅಂಟಿದ ತೆಳು ನೀರಿನ ಪೊರೆ ಸೊನ್ನೆ ಡಿಗ್ರಿಗಿಂತ ಕೆಳಗೂ ಹೆಪ್ಪುಗಟ್ಟದೆ ಉಳಿಯುತ್ತದೆ. ಮಂಜುಗಡ್ಡೆ ಆ ಪೊರೆಯಿಂದ ನೀರು ಎಳೆದುಕೊಂಡರೆ, ಪೊರೆ ಕೆಳಗಿನ ಮಣ್ಣಿನಿಂದ ಎಳೆದುಕೊಳ್ಳುತ್ತದೆ. ಪ್ರತಿ ಗ್ರಾಂ ನೀರು ಹೆಪ್ಪುಗಟ್ಟುವಾಗ ಸುಮಾರು 80 ಕ್ಯಾಲೊರಿ ಶಾಖ ಬಿಡುತ್ತದೆ. ಈ ಶಾಖವೂ ಕೆಳಗಿನ ನೆಲದಿಂದ ಬರುವ ಶಾಖವೂ ಸೇರಿ, ಮೇಲಕ್ಕೆ ಹೋಗುವ ಶಾಖಕ್ಕೆ ಸಮವಾದಾಗ ಚಳಿ ಇನ್ನೂ ಆಳಕ್ಕೆ ಇಳಿಯುವುದಿಲ್ಲ. ಅಲ್ಲೇ ನಿಂತು ಮಂಜುಗಡ್ಡೆಯನ್ನು ದಪ್ಪವಾಗಿಸುತ್ತದೆ. ಒಂದೇ ರಾತ್ರಿಯ ಚಳಿಯಲ್ಲಿ ಒದ್ದೆ ನೆಲದಿಂದ ಸೂಜಿಗಳಂತೆ ಮಂಜು ಎದ್ದು ಎಳೆಯ ಸಸಿಗಳ ಬೇರು ಕೀಳುವುದೂ ಹೀಗೆಯೇ.

ಎಲ್ಲ ಮಣ್ಣೂ ಒಂದೇ ಸಮನೆ ಏಳುವುದಿಲ್ಲ. ದಪ್ಪ ಮರಳು ನೀರನ್ನು ಎಳೆಯಲಾರದು. ಜಿಗುಟು ಜೇಡಿಯಲ್ಲಿ ನೀರು ಬಲು ನಿಧಾನ. ಇವೆರಡರ ನಡುವಿನ ನುಣುಪಾದ ಮೆಕ್ಕಲು ಮಣ್ಣೇ ಹೆಚ್ಚು ಅಪಾಯಕಾರಿ. 1931ರಲ್ಲಿ ಆರ್ಥರ್ ಕಾಸಾಗ್ರಾಂಡೆ ಇದಕ್ಕೊಂದು ಅಳತೆ ಕೊಟ್ಟರು: ಬೇರೆಬೇರೆ ಗಾತ್ರದ ಕಣಗಳು ಬೆರೆತ ಮಣ್ಣಿನಲ್ಲಿ 0.02 ಮಿಲಿಮೀಟರಿಗಿಂತ ಸಣ್ಣ ಕಣಗಳು 3% ಮೀರಿದ್ದರೆ ಎಚ್ಚರ.

ನಿಜವಾದ ಹಾನಿ ಆಗುವುದು ವಸಂತದಲ್ಲಿ. ಮಂಜು ಮೇಲಿನಿಂದ ಕರಗುತ್ತದೆ, ಕೆಳಗಿನ ಪದರ ಇನ್ನೂ ಗಟ್ಟಿ. ಇಳಿಯಲು ದಾರಿಯಿಲ್ಲದ ನೀರು ರಸ್ತೆಯ ತಳವನ್ನು ಕೆಸರು ಮಾಡುತ್ತದೆ, ಲಾರಿಯ ಭಾರಕ್ಕೆ ಡಾಂಬರು ಕುಸಿಯುತ್ತದೆ. ಆದ್ದರಿಂದಲೇ ಚಳಿನಾಡಿನ ರಸ್ತೆಗಳ ಕೆಳಗೆ ದಪ್ಪ ಜಲ್ಲಿ ಹಾಸುತ್ತಾರೆ. ಚಳಿಯನ್ನು ತಡೆಯಲಾಗದು, ನೀರು ಮೇಲೇರುವ ದಾರಿಯನ್ನು ಕಡಿಯಬಹುದು.