ಸೌ., ಶ್ರೀಮತಿ, ಗಂ. ಭಾ.

ಮುಂಬಯಿ, ಪುಣೆಗಳ ಕನ್ನಡಿಗರಿಗೆ ಪರಿಚಿತವಾದ ಒಂದು ಸಣ್ಣ ಇಕ್ಕಟ್ಟಿದೆ. ವಿವಾಹಿತ ಮಹಿಳೆಯ ಹೆಸರಿನೊಡನೆ ನಾವು ನಿಸ್ಸಂಕೋಚವಾಗಿ ಬರೆಯುವ ‘ಶ್ರೀಮತಿ’ಯು ಮರಾಠಿಯ ರೂಢಿಯಲ್ಲಿ ಬಹುಮಟ್ಟಿಗೆ ವಿಧವೆಗೆ ಸಲ್ಲುವ ಪದ. ಗಂಡನಿರುವವಳು ಅಲ್ಲಿ ‘ಸೌ.’, ಅಂದರೆ ಸೌಭಾಗ್ಯವತಿ. ಕನ್ನಡ ಸಂಘದ ಆಮಂತ್ರಣ ಪತ್ರಿಕೆಯಲ್ಲಿ ಕಾರ್ಯದರ್ಶಿಯ ಹೆಸರಿಗೆ ಮೊದಲು ‘ಶ್ರೀಮತಿ’ ಎಂದಿರುವುದನ್ನು ಕಂಡ ಮರಾಠಿ ನೆರೆಯವರು ಕ್ಷಣಕಾಲ ತಡೆದು ನಿಂತರೆ ಅದು ಅವರ ತಪ್ಪಲ್ಲ. ಒಂದೇ ಪದ ಗಡಿಯ ಈ ಬದಿಗೆ ಮುತ್ತೈದೆ, ಆ ಬದಿಗೆ ವಿಧವೆ. ‘ಶ್ರೀಮತ್’ ಶಬ್ದದ ಸ್ತ್ರೀರೂಪವಾದ ಇದಕ್ಕೆ ಸಿರಿಯುಳ್ಳವಳು ಎಂದಷ್ಟೇ ಅರ್ಥ. ಗಂಡ ಇದ್ದಾನೆಯೇ, ಇಲ್ಲವೇ ಎಂಬ ಸುಳಿವು ಪದದೊಳಗೆ ಎಲ್ಲಿಯೂ ಇಲ್ಲ. ಅದನ್ನು ತುಂಬಿದವರು ನಾವು.

ಇದು ನಮ್ಮ ನಾಡಿನದೊಂದೇ ಕಥೆಯಲ್ಲ. ಇಂಗ್ಲಿಷಿನ ‘ಮಿಸೆಸ್’ ಮತ್ತು ‘ಮಿಸ್’ ಎರಡೂ ‘ಮಿಸ್ಟ್ರೆಸ್’ ಎಂಬ ಒಂದೇ ಪದದ ಮೊಟಕು ರೂಪಗಳು. ಹದಿನೆಂಟನೆಯ ಶತಮಾನದಲ್ಲಿ ‘ಮಿಸೆಸ್’ ಎನಿಸಿಕೊಳ್ಳಲು ಮದುವೆ ಬೇಕಾಗಿರಲಿಲ್ಲ, ಅಂತಸ್ತು ಬೇಕಾಗಿತ್ತು. ಅಂಗಡಿ ನಡೆಸುವ ಅವಿವಾಹಿತೆಯೂ ದೊಡ್ಡ ಮನೆಯ ಉಸ್ತುವಾರಿ ನೋಡುವವಳೂ ‘ಮಿಸೆಸ್’ ಆಗಿದ್ದರು. ಶತಮಾನ ಮುಗಿಯುವ ಹೊತ್ತಿಗೆ ಆ ಪದವನ್ನು ಮದುವೆ ತನ್ನ ವಶಕ್ಕೆ ತೆಗೆದುಕೊಂಡಿತು. ಅಷ್ಟಕ್ಕೇ ನಿಲ್ಲದೆ ಹೆಂಡತಿಯ ಸ್ವಂತ ಹೆಸರನ್ನೂ ನುಂಗಿತು. 1811ರಲ್ಲಿ ಪ್ರಕಟವಾದ ಜೇನ್ ಆಸ್ಟಿನ್ನಳ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ಯಲ್ಲಿ ಫ್ಯಾನಿಯನ್ನು ಓದುಗರು ಹೆಚ್ಚಾಗಿ ಕಾಣುವುದು ‘ಮಿಸೆಸ್ ಜಾನ್ ಡ್ಯಾಶ್‌ವುಡ್’ ಆಗಿ. ಜಾನ್ ಎಂಬುದು ಅವಳ ಗಂಡನ ಹೆಸರು.

ಇದಕ್ಕೆ ಪರಿಹಾರವೆಂದು ಬಂದ ‘ಮಿಜ್’ 1901ರಲ್ಲೇ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ಪತ್ರಿಕೆಯೊಂದರಲ್ಲಿ ಸೂಚಿತವಾಗಿತ್ತು. ಯಾರೂ ಕಿವಿಗೊಡಲಿಲ್ಲ. 1960ರ ದಶಕದಲ್ಲಿ ಶೀಲಾ ಮೈಕೆಲ್ಸ್ ಅದನ್ನು ಮತ್ತೆ ಎತ್ತಿಕೊಂಡರು. ಗ್ಲೋರಿಯಾ ಸ್ಟೈನಮ್ ಮತ್ತು ಸಂಗಾತಿಗಳ ಪತ್ರಿಕೆ ಅದನ್ನೇ ತನ್ನ ಹೆಸರಾಗಿಸಿಕೊಂಡಿತು. ‘ನ್ಯೂಯಾರ್ಕ್ ಟೈಮ್ಸ್’ ಮಾತ್ರ ಜಗ್ಗಲಿಲ್ಲ. 1984ರಲ್ಲಿ ಜೆರಾಲ್ಡೀನ್ ಫೆರಾರೊ ಉಪಾಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದಾಗ ಪತ್ರಿಕೆ ಅವರನ್ನು ‘ಮಿಸೆಸ್ ಫೆರಾರೊ’ ಎಂದು ಕರೆಯಿತು. ಫೆರಾರೊ ಅವರ ತವರಿನ ಹೆಸರು; ಗಂಡ ಜಕ್ಕಾರೊ. ಹಾಗಾದರೆ ಮಿಸೆಸ್ ಫೆರಾರೊ ಎಂದರೆ ಅವರ ತಾಯಿ! ಆ ಪತ್ರಿಕೆ ‘ಮಿಜ್’ ಅನ್ನು ಒಪ್ಪಿದ್ದು 1986ರಲ್ಲಿ. ಜರ್ಮನಿ 1972ರಲ್ಲಿ ‘ಫ್ರಾಯ್ಲೈನ್’ ಅನ್ನೂ, ಫ್ರಾನ್ಸ್ 2012ರಲ್ಲಿ ‘ಮದ್‌ಮ್ವಾಜೆಲ್’ ಅನ್ನೂ ಸರ್ಕಾರಿ ಕಾಗದಗಳಿಂದ ಕೈಬಿಟ್ಟವು.

ಮತ್ತೆ ನಮ್ಮ ಮನೆಗೆ ಬರೋಣ. ಹನ್ನೆರಡನೆಯ ಶತಮಾನದ ಶರಣೆಯರ ಹೆಸರುಗಳು ನಮಗೆ ತಲುಪಿರುವ ಬಗೆಯನ್ನು ಗಮನಿಸಬೇಕು. ಅಕ್ಕಮಹಾದೇವಿ, ಸತ್ಯಕ್ಕ, ಗೊಗ್ಗವ್ವೆ, ಮುಕ್ತಾಯಕ್ಕ: ಇವರು ತಮ್ಮ ಹೆಸರಿನಿಂದಲೇ ನಿಂತವರು, ‘ಅಕ್ಕ’, ‘ಅವ್ವೆ’ಗಳು ಇಲ್ಲಿ ಗೌರವವಾಚಕಗಳು. ಅದೇ ಸಂಪುಟದ ಪುಟ ತಿರುಗಿಸಿದರೆ ‘ಹಡಪದ ಅಪ್ಪಣ್ಣಗಳ ಪುಣ್ಯಸ್ತ್ರೀ ಲಿಂಗಮ್ಮ’, ‘ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ’. ಲಿಂಗಮ್ಮನ ವಚನಗಳನ್ನು ಓದಿದವರಿಗೆ ಆಕೆಗೆ ಯಾರ ಪರಿಚಯಪತ್ರವೂ ಬೇಕಿರಲಿಲ್ಲ ಎಂದು ತಿಳಿದೇ ಇದೆ. ಆದರೂ ಶೀರ್ಷಿಕೆ ಕಟ್ಟಿದವರಿಗೆ ಅದು ಬೇಕಾಯಿತು. ಅಪ್ಪಣ್ಣನನ್ನು ‘ಲಿಂಗಮ್ಮನ ಗಂಡ’ ಎಂದು ಯಾವ ಕಟ್ಟೂ ಗುರುತಿಸುವುದು ನಮಗೆ ಕಂಡಿಲ್ಲ.

ಕೊಡಗಿನ ಗೌರಮ್ಮ (1912–1939) ವಿಧವೆಯರ ಪಾಡನ್ನು ನಿರ್ಭಿಡೆಯಿಂದ ಕಥೆಯಾಗಿಸಿದವರು. ಅವರು ಬಳಸಿದ ಬರವಣಿಗೆಯ ಹೆಸರು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’, ಪೂರ್ತಿಯಾಗಿ ಗಂಡನದು. ಅದನ್ನು ಬರಿಯ ಅಧೀನತೆ ಎಂದು ಓದಲು ನಮಗೆ ಮನಸ್ಸಾಗದು. ಹೆಂಗಸು ಕಥೆ ಬರೆಯುವುದೇ ಅಪರೂಪವಾಗಿದ್ದ ಕಾಲದಲ್ಲಿ ಆ ಹೆಸರು ಮರೆಯೂ ಆಗಿದ್ದಿರಬಹುದು, ಗೃಹಿಣಿಯೊಬ್ಬಳ ಹೆಮ್ಮೆಯೂ ಆಗಿದ್ದಿರಬಹುದು. ಇಂದಿಗೂ ‘ಸೌ.’ ಎಂಬ ಅಕ್ಷರವನ್ನು ಪ್ರೀತಿಯಿಂದ ಬರೆದುಕೊಳ್ಳುವ ಮಹಿಳೆಯರು ಪುಣೆಯಲ್ಲಿ ಅಸಂಖ್ಯರು. ಅವರನ್ನು ಅಜ್ಞಾನಿಗಳೆನ್ನುವುದು ಉದ್ಧಟತನ.

ತೊಡಕಿರುವುದು ಬೇರೆಡೆ. ಆ ಅಕ್ಷರ ಹೆಸರಿನೊಡನೆ ಇರುವವರೆಗೆ ಯಾರಿಗೂ ನೋವಿಲ್ಲ. ಅದು ಕಳಚಿ ಬೀಳುವ ದಿನವೊಂದಿದೆ. ಬಳೆ ಒಡೆದ ಮರುದಿನದಿಂದ ‘ಸೌ.’ ಅಳಿಯುತ್ತದೆ, ‘ಗಂ. ಭಾ.’ ಬರುತ್ತದೆ. ಗಂಗಾ, ಭಾಗೀರಥಿ. ಎಷ್ಟು ಪವಿತ್ರವಾದ ಹೆಸರು! ಉತ್ತರ ಕರ್ನಾಟಕದ ಹಳೆಯ ಪತ್ರಗಳಲ್ಲೂ ವಿಧವೆಯನ್ನು ‘ಗಂಗಾ ಭಾಗೀರಥಿ ಸಮಾನರಾದ’ ಎಂದು ಸಂಬೋಧಿಸುವ ಪದ್ಧತಿಯಿತ್ತು. ಲಕೋಟೆಯ ಮೇಲಿನ ಎರಡಕ್ಷರ ಅಂಚೆಯವನಿಗೂ ಅವಳ ಸ್ಥಿತಿಯನ್ನು ಸಾರುತ್ತಿತ್ತು. ಹೆಂಡತಿ ತೀರಿಕೊಂಡ ಗಂಡಸಿನ ‘ಶ್ರೀ’ ಅಥವಾ ‘ಮ.ರಾ.ಶ್ರೀ.’ ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ.

ಇದು ಮುಗಿದ ಕಥೆಯೆಂದು ಭಾವಿಸುವಂತಿಲ್ಲ. 2022ರ ಮೇ ತಿಂಗಳಿನಲ್ಲಿ ಕರ್ನಾಟಕದ ಗಡಿಗೆ ಹತ್ತಿರದ, ಕೊಲ್ಹಾಪುರ ಜಿಲ್ಲೆಯ ಹೆರವಾಡ ಗ್ರಾಮ ಪಂಚಾಯಿತಿಯು ಬಳೆ ಒಡೆಯುವ, ಕುಂಕುಮ ಅಳಿಸುವ ಆಚರಣೆಗಳನ್ನು ನಿಲ್ಲಿಸಬೇಕೆಂದು ನಿರ್ಣಯಿಸಿತು. ಅದನ್ನು ಎಲ್ಲ ಪಂಚಾಯಿತಿಗಳೂ ಅನುಸರಿಸಲೆಂದು ರಾಜ್ಯ ಸರ್ಕಾರ ಅದೇ ತಿಂಗಳು ಸೂಚಿಸಿತು. ಒಂದು ವರ್ಷ ತುಂಬುವ ಮೊದಲೇ, 2023ರ ಏಪ್ರಿಲಿನಲ್ಲಿ, ಅದೇ ರಾಜ್ಯದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರು ‘ವಿಧವಾ’ ಎಂಬ ಪದಕ್ಕೆ ಬದಲಾಗಿ ‘ಗಂಗಾ ಭಾಗೀರಥಿ’ ಎಂದು ಬಳಸುವ ಕುರಿತು ಇಲಾಖೆಯಲ್ಲಿ ಚರ್ಚೆಯಾಗಲೆಂದರು. ಮಹಿಳಾ ಸಂಘಟನೆಗಳು ಸಿಡಿದೆದ್ದವು. ಅದು ಚರ್ಚೆಯ ವಿಷಯ ಮಾತ್ರ, ತೀರ್ಮಾನವಲ್ಲ ಎಂದು ಸಚಿವರು ಸ್ಪಷ್ಟಪಡಿಸಬೇಕಾಯಿತು. ಹೆಸರು ಎಷ್ಟು ಹಿತವಾಗಿದೆ ಎಂಬುದು ಆ ಮಹಿಳೆಯರ ಪ್ರಶ್ನೆಯಾಗಿರಲಿಲ್ಲ. ಬೇರೆ ಹೆಸರೇ ಏಕೆ ಎಂಬುದಾಗಿತ್ತು.

ಈ ಪ್ರಶ್ನೆಗೆ ಪಂಡಿತಾ ರಮಾಬಾಯಿಯವರ ಜೀವನದಲ್ಲೇ ಉತ್ತರವಿತ್ತೆಂದು ನಮಗೆ ತೋರುತ್ತದೆ. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಅವಿವಾಹಿತೆಯಾಗಿದ್ದ ರಮಾಬಾಯಿಗೆ ‘ಪಂಡಿತಾ’ ಎಂಬ ಬಿರುದನ್ನಿತ್ತರು. 1880ರಲ್ಲಿ ಮದುವೆ, 1882ರಲ್ಲಿ ವೈಧವ್ಯ. ಹಸುಗೂಸಿನೊಡನೆ ಪುಣೆಗೆ ಬಂದಾಗಲೂ, 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದಾಗಲೂ ಅವರು ಪಂಡಿತಾ ರಮಾಬಾಯಿಯೇ. ಮದುವೆ ಕೊಡದಿದ್ದುದನ್ನು ಸಾವು ಕಸಿಯಲಾಗಲಿಲ್ಲ.

ಎಲ್ಲರೂ ಪಂಡಿತರಾಗುವುದು ಸಾಧ್ಯವಿಲ್ಲ. ಸಾಮಾನ್ಯರಿಗಾಗಿ ಸರ್ಕಾರಗಳು ಮಾಡಿದ ಏರ್ಪಾಟುಗಳು ಅರೆಬರೆ. 1967ರ ಬಳಿಕ ತಮಿಳುನಾಡು ಸಂಸ್ಕೃತದ ಶ್ರೀಮತಿ, ಕುಮಾರಿಗಳನ್ನು ಬಿಟ್ಟು ತಿರುಮತಿ, ಸೆಲ್ವಿಗಳನ್ನು ತಂದಿತು. ಭಾಷೆ ಬದಲಾಯಿತು, ಭೇದ ಹಾಗೆಯೇ ಉಳಿಯಿತು. ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಕೊನೆಯವರೆಗೂ ‘ಸೆಲ್ವಿ’. ಹಿಂದಿಯಲ್ಲಿ ‘ಸುಶ್ರೀ’ ಚಲಾವಣೆಗೆ ಬಂದಿದೆ. ಆದರೆ ದೆಹಲಿಯ ಕಡತಗಳ ನಡುವೆ ಬದುಕುವ ನಮ್ಮಂಥವರು ಕಾಣುವಂತೆ ಅದು ಶ್ರೀಮತಿ, ಕುಮಾರಿಗಳ ಪಕ್ಕದಲ್ಲಿ ಮೂರನೆಯದಾಗಿ ಕುಳಿತಿದೆಯೇ ಹೊರತು ಅವುಗಳ ಜಾಗಕ್ಕೆ ಬಂದಿಲ್ಲ. ಅದನ್ನು ಆರಿಸಿಕೊಂಡವರು ಅವಿವಾಹಿತೆಯೋ ವಿಚ್ಛೇದಿತೆಯೋ ಎಂಬ ಊಹೆ ಬೇರೆ!

ಹೈದರಾಬಾದಿನ ಕನ್ನಡಿಗರು ದಿನವೂ ಕೇಳುವ ತೆಲುಗಿನ ‘ಗಾರು’ ಹೆಸರಿನ ಕೊನೆಗೆ ಸೇರುತ್ತದೆ. ಗಂಡೋ ಹೆಣ್ಣೋ, ಮದುವೆಯಾಗಿದೆಯೋ ಇಲ್ಲವೋ ಕೇಳುವುದಿಲ್ಲ. ನಮ್ಮ ‘ಅವರು’ ಕೂಡ ಹಾಗೆಯೇ. ಉತ್ತರ ಕರ್ನಾಟಕದ ಶಾಲೆಗಳಲ್ಲಿ ಮಕ್ಕಳು ಶಿಕ್ಷಕಿಯನ್ನು ‘ಅಕ್ಕೋರು’ ಎನ್ನುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೂ ಅಕ್ಕೋರು, ನಿವೃತ್ತಿಗೆ ಎರಡು ವರ್ಷ ಉಳಿದಿರುವ ವಿಧವೆಯೂ ಅಕ್ಕೋರು.